ಯಾರೂ ಏನೂ ಕೇಳದ ಮನೆ

ಅಕ್ಕ ದುರ್ಗಕ್ಕೆ ಹೋಗಿ ಬಂದ ಮೇಲೆ ಸುಧಾರಿಸಿದಳು ಎಂಬುದು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡಿರುವ ಮಾತು. ಅವ್ವ ಹಾಗೆ ಹೇಳುತ್ತಾಳೆ, ಅಪ್ಪ ತಲೆಯಾಡಿಸುತ್ತಾನೆ, ರಾಮಗಿರಿಯಲ್ಲಿರುವ ಅಕ್ಕನ ಗಂಡನ ಮನೆಯವರೂ ಅದನ್ನೇ ಹೇಳುತ್ತಾರೆ. ಸಾಕ್ಷಿ ಏನು ಎಂದು ಕೇಳಿದರೆ, "ಕಣ್ಣಿಗೆ ಕಾಣಲ್ವಾ? ಎಷ್ಟು ಸಮಾಧಾನದಾಗೆ ಅವ್ಳೆ ಈಗ! ಒಂದು ಮಾತಿಗೂ ಎದುರಾಡಲ್ಲ" ಅನ್ನುತ್ತಾರೆ.

ಕಾಲೇಜಿನ ದಿನಗಳನ್ನೆಲ್ಲ ಚರ್ಚಾಸ್ಪರ್ಧೆಯ ವೇದಿಕೆಗಳ ಮೇಲೆ ಕಳೆದವಳು ನಾನು. ಒಂದೇ ಸಾಕ್ಷಿ ಎರಡೂ ಪಕ್ಷಕ್ಕೆ ಸಲ್ಲುವುದಾದರೆ ಅದು ಸಾಕ್ಷಿಯೇ ಅಲ್ಲ ಎಂದು ಅಲ್ಲಿ ಕಲಿಸುತ್ತಾರೆ. ಎದುರಾಡದಿರುವುದು ಗುಣವಾದದ್ದರ ಲಕ್ಷಣವೂ ಆಗಬಹುದು, ಸೋತು ಕೂತದ್ದರ ಲಕ್ಷಣವೂ ಆಗಬಹುದು. ಯಾವುದು ಎಂದು ತಿಳಿಯಲು ಆ ಮನುಷ್ಯ ಮೊದಲು ಹೇಗಿದ್ದ ಎಂದು ನೋಡಬೇಕು. ಅಕ್ಕ ಮೊದಲು ಹೇಗಿದ್ದಳು ಎನ್ನುವುದಕ್ಕೆ ನಾನೇ ಸಾಕ್ಷಿ. ನನಗೆ ವಾದ ಕಲಿಸಿದ್ದು ಯಾವ ಮೇಷ್ಟರೂ ಅಲ್ಲ, ಅವಳು. ಮುದ್ದೆಯನ್ನು ನುಂಗಬೇಕೋ ಅಗಿಯಬೇಕೋ ಎಂಬ ವಿಷಯದ ಮೇಲೆ ನಾವಿಬ್ಬರೂ ಸಾರು ಆರಿ ತಣ್ಣಗಾಗುವವರೆಗೆ ಜಗಳವಾಡಿದ್ದೇವೆ. ನಾನು ಗೆಲ್ಲುವ ಹೊತ್ತಿಗೆ ಅವಳು ತಟಕ್ಕನೆ ನನ್ನ ಪಕ್ಷಕ್ಕೇ ಬಂದು ನಿಂತು, "ನಾನೂ ಅದನ್ನೇ ಅಲ್ವೇನೇ ಹೇಳಿದ್ದು?" ಎಂದು ನನ್ನ ಗೆಲುವನ್ನೂ ಕಿತ್ತುಕೊಳ್ಳುತ್ತಿದ್ದಳು.

ಅಂಥವಳ ಕೂಸು ಹೊಟ್ಟೆಯಲ್ಲೇ ಹೋಯಿತು. ದಿನ ತುಂಬುತ್ತಾ ಬಂದಿತ್ತು. ಶ್ರೀರಾಂಪುರದ ನಮ್ಮ ಮನೆಗೆ ಅವಳನ್ನು ಕರೆತಂದರು. ನಾನು ಕಾನೂನು ಕಾಲೇಜಿನ ರಜೆಯಲ್ಲಿ ಮನೆಯಲ್ಲಿದ್ದೆ.

ನಮ್ಮ ಕಡೆ ದುಃಖವಾದವರನ್ನು ಒಂಟಿ ಬಿಡುವುದಿಲ್ಲ. ಇದನ್ನು ನಾವು ದೊಡ್ಡ ಗುಣ ಎಂದುಕೊಂಡಿದ್ದೇವೆ. ಬಂದವರೆಲ್ಲ ಚಾಪೆಯ ಮೇಲೆ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು, ಆಮೇಲೆ ಶುರು ಮಾಡುತ್ತಿದ್ದರು. ಗಂಡೋ ಹೆಣ್ಣೋ? ಯಾವ ಆಸ್ಪತ್ರೇಲಿ ತೋರಿಸಿದ್ರಿ? ಬಸ್ಸಿನಾಗೆ ಓಡಾಡ್ತಿದ್ಯಾ? ಪರಂಗಿ ಹಣ್ಣು ಏನಾರ ತಿಂದಿದ್ದೇನವ್ವ? ಒಬ್ಬರಿಗೆ ಹೇಳಿ ಮುಗಿಸುವಷ್ಟರಲ್ಲಿ ಇನ್ನೊಬ್ಬರು ಚಪ್ಪಲಿ ಬಿಡುತ್ತಿದ್ದರು, ಮತ್ತೆ ಮೊದಲಿಂದ. ನಾನು ಒಮ್ಮೆ, "ಪರಂಗಿ ಹಣ್ಣಿಗೂ ಇದಕ್ಕೂ ಏನು ಸಂಬಂಧ, ಯಾರು ಹೇಳಿದ್ದು ನಿಮಗೆ?" ಎಂದು ಎದ್ದುನಿಂತೆ. ಅವ್ವ ನನ್ನನ್ನು ಹಿತ್ತಲಿಗೆ ಅಟ್ಟಿದಳು.

ಅಲ್ಲಿಗೇ ಅಕ್ಕ ಬಂದಳು. ಒಗೆಯುವ ಕಲ್ಲಿನ ಮೇಲೆ ಕೂತು ಕೇಳಿದಳು.

"ಲೇ, ಊರು ನೋಡಕ್ಕೆ ಬರೋರಿಗೆ ಇಡೀ ಮನೇನೇ ಬಾಡಿಗೆ ಕೊಡ್ತಾರಂತಲ್ಲ? ಎರಡು ದಿನಕ್ಕೂ ಕೊಡ್ತಾರಾ?"

"ಕೊಡ್ತಾರೆ. ಎಲ್ಲಿಗೆ ಹೋಗಾಣ?"

"ದೂರ ಆಗಲ್ಲ, ಮೈ ನೋಯ್ತೈತೆ. ದುರ್ಗದ ಹತ್ರ ಸಾಕು. ಕೋಟೆ ಹತ್ತಲ್ಲ ನಾನು. ದೂರದಿಂದ ಕಂಡ್ರೆ ಸಾಕು. ಬಾಗ್ಲು ಒಳಗಿನಿಂದ ಹಾಕ್ಕಂಡು ಮಲಗ್ಬೇಕು. ನಾನು ಯಾರು ಅಂತ ಗೊತ್ತಿರಬಾರದು ಅವರಿಗೆ."

ಕೂಸು ಹೋದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಅವತ್ತಿನಿಂದ ಮೊಬೈಲು ಹಿಡಿದು ಹುಡುಕಿದೆವು. ಹಿರಿಯೂರಿನ ಕಡೆ ಮಾರಿಕಣಿವೆ ಜಲಾಶಯದ ಹತ್ತಿರದ್ದೊಂದು ಮನೆ ಚೆನ್ನಾಗಿತ್ತು, ಆದರೆ ಅದರ ಫೋಟೋದಲ್ಲಿ ಯಾರದೋ ಸಂಸಾರ ಸಾಲಾಗಿ ನಿಂತು ನಗುತ್ತಿತ್ತು. ಅಕ್ಕ ಬೆರಳಿನಿಂದ ಅದನ್ನು ಮೇಲೆ ತಳ್ಳಿದಳು. ಕೊನೆಗೆ ದುರ್ಗದ ಪಕ್ಕದ ಮದಕರಿಪುರದಲ್ಲಿ ಒಂದು ತೋಟದ ಮನೆ ಸಿಕ್ಕಿತು. ಹೆಂಚಿನ ಮಾಡು, ಬೇವಿನ ಮರದ ಕೆಳಗೆ ಒಂದು ಮಂಚ, ಹಿಂದೆ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳು. ಕೋಟೆಯ ಗೋಡೆ ಬಂಡೆಗಳ ಮೇಲೆ ಸಣ್ಣ ಗೆರೆಯಂತೆ ಕಾಣುತ್ತಿತ್ತು. ಅಲ್ಲಿ ಹಿಂದೆ ಇದ್ದುಹೋದವರು ಬರೆದದ್ದನ್ನು ನಾನು ಗಟ್ಟಿಯಾಗಿ ಓದಿದೆ. ಒಬ್ಬರು ಸೊಳ್ಳೆ ಬಹಳ ಎಂದು ದೂರಿದ್ದರು.

"ಸೊಳ್ಳೆ ಕಚ್ಚಿದ್ರೆ ಕಚ್ಲಿ ಬಿಡು," ಅಂದಳು ಅಕ್ಕ. "ಏನೂ ಕೇಳಲ್ವಲ್ಲ."

ಇಬ್ಬರೂ ನಕ್ಕೆವು. ಅವಳು ನಕ್ಕಿದ್ದು ಅವ್ವನಿಗೂ ಕೇಳಿಸಿತು. ಒಳಗಿನಿಂದ ಬಂದಳು.

"ಯಾರ ಮನೆಯೋ ಏನೋ, ಎಂಥ ಜನಾನೋ. ಫೋನ್ ಹಚ್ಚಿ ಕೊಡು, ಒಂದು ಮಾತಾಡ್ತೀನಿ."

ಹೆತ್ತವಳು ಎರಡು ಹೆಣ್ಣುಮಕ್ಕಳನ್ನು ಕಳಿಸುವಾಗ ಹಾಗೆ ಕೇಳುವುದು ನ್ಯಾಯವೇ. ಕೊಟ್ಟೆ. ಮನೆಯ ಯಜಮಾನರ ದನಿ ಜೋರಾಗಿತ್ತು, ನಮಗೂ ಕೇಳಿಸುತ್ತಿತ್ತು.

"ಯಾವೂರ್ರಿ ತಮ್ದು?"

"ಶ್ರೀರಾಂಪುರ ರೀ, ಹೊಸದುರ್ಗದ ಹತ್ರ."

"ಶ್ರೀರಾಂಪುರದಾಗೆ ಯಾರ ಪೈಕಿ?"

"ಬಸ್ ಸ್ಟ್ಯಾಂಡ್ ಹಿಂದೆ ಹುಣಸೇಮರದ ಮನೆ ಅಂತಾರೆ ನೋಡ್ರಿ."

"ಓಹೋಹೋ! ಹಂಗಾದ್ರೆ ನಿಮ್ಮ ಯಜಮಾನ್ರ ಅಕ್ಕಾರು ದುರ್ಗದಾಗೆ ನಮ್ಮ ಮನೆ ಹಿಂದಿನ ಬೀದಿಯೋರು ಕಣ್ರೀ! ಈಗ ತಾನೆ ಮೊಸರು ಕೊಟ್ಟು ಹೋದ್ರು!"

ಯಾರು ಯಾರನ್ನೇ ಮಾತಾಡಿಸಿದರೂ ಗಂಟು ಸಿಕ್ಕುವವರೆಗೆ ದಾರ ಎಳೆಯುವುದು ನಮ್ಮ ಜಿಲ್ಲೆಯವರ ಚಾಳಿ. ಎಳೆದರೆ ಸಿಕ್ಕಿಯೇ ಸಿಗುತ್ತದೆ. ಅವರ ದನಿಯಲ್ಲಿ ನಿಜವಾದ ಸಂತೋಷವಿತ್ತು. ಅದರ ಹಿಂದೆಯೇ ಬಂತು: "ದೊಡ್ಡ ಮಗಳಿಗೆ ಮಕ್ಕಳೆಷ್ಟು?"

ನಾನು ಕೈ ಅಡ್ಡ ಮಾಡಿ ಬೇಡ ಬೇಡ ಎಂದೆ. ಅವ್ವ ಆ ಕಡೆ ತಿರುಗಿಕೊಂಡಳು. "ಏನ್ ಹೇಳ್ಲಿ ರೀ, ಈಗ್ಲೇ ಒಂದು ಹೋಯ್ತು," ಎಂದು ಶುರು ಮಾಡಿದವಳು ಎಲ್ಲವನ್ನೂ ಹೇಳಿದಳು. ಅಕ್ಕ ಎದ್ದು ಒಳಗೆ ಹೋದಳು.

ಬೇರೆ ಮನೆ ನೋಡೋಣ ಎಂದು ನಾನು ಅಂದೆ. ಬೇಡ, ಆ ಬೇವಿನ ಮರವೇ ಇರಲಿ, ಬಾಗಿಲು ಹಾಕಿಕೊಂಡರಾಯಿತು ಅಂದಳು. ಆಮೇಲೂ ಅವಳಿಗೆ ಆಸೆ ಉಳಿದಿತ್ತು. ಬಸ್ಸಿನಲ್ಲಿ ಹೊಳಲ್ಕೆರೆ ದಾಟಿದ ಮೇಲೆ ಕಿಟಕಿ ಸರಿಸಿ ಮುಖ ಒಡ್ಡಿ ಕೂತಳು. ಗಾಳಿಯಂತ್ರಗಳು ಗಾಳಿಯಿಂದ ತಿರುಗುತ್ತವೋ ಅಥವಾ ತಿರುಗಿ ಗಾಳಿ ಮಾಡುತ್ತವೋ ಎಂದು ನನ್ನನ್ನು ಕೆಣಕಿದಳು. ನಾನು ಬೇಕೆಂದೇ ತಪ್ಪು ಪಕ್ಷ ಹಿಡಿದೆ. ದುರ್ಗ ಬರುವವರೆಗೂ ವಾದ ಮಾಡಿದೆವು. ಅದೇ ಕೊನೆಯದು ಎಂದು ಗೊತ್ತಿದ್ದರೆ ಇನ್ನೂ ಸ್ವಲ್ಪ ಎಳೆಯುತ್ತಿದ್ದೆ.

ಮದಕರಿಪುರದ ಆ ಮನೆಯ ಗೇಟಿನ ಮುಂದೆ ಒಂದು ಆಟೋ ನಿಂತಿತ್ತು. ಬೇವಿನ ಮರದ ಕೆಳಗಿನ ಮಂಚದ ಮೇಲೆ ನಮ್ಮತ್ತೆ, ಅಪ್ಪನ ಅಕ್ಕ, ಕೂತಿದ್ದಳು. ಮನೆಯ ಯಜಮಾನರು ಪಕ್ಕದಲ್ಲಿ ನಗುತ್ತಾ ನಿಂತಿದ್ದರು.

"ಬರ್ರಿ ಬರ್ರಿ, ಕುಂತ್ಕಳ್ರಿ. ನಿಮ್ಮ ಹತ್ರ ಬಾಡಿಗೆ ಇಸ್ಕಂಡ್ರೆ ಕೈ ಸೇದೋಗುತ್ತೆ ನಂದು. ನಿಮ್ಮೋರೇ ಬಂದವ್ರೆ, ಬೀಗದ ಕೈ ನಾನ್ಯಾಕೆ ಕೊಡ್ಲಿ?"

ಅತ್ತೆ ಎದ್ದು ಬಂದು ಅಕ್ಕನ ಕೆನ್ನೆ ಸವರಿದಳು. "ನನ್ನ ಮನೆ ಬಾಗ್ಲು ತೆಗೆದಿರೋವಾಗ ದುಡ್ಡು ಕೊಟ್ಟು ಮಲಗ್ತೀಯೇನೇ ಮಗಳೇ? ಊರು ನನ್ನ ಮುಖಕ್ಕೆ ಉಗಿಯಲ್ವಾ?"

ನಾನು ಮುಂದೆ ಬಂದೆ. ಒಂದು, ಮಾತು ಕೊಟ್ಟ ಮೇಲೆ ಮನೆ ನಮ್ಮದು. ಎರಡು, ಅಕ್ಕನಿಗೆ ವಿಶ್ರಾಂತಿ ಬೇಕು. ಮೂರು ಎನ್ನುವಷ್ಟರಲ್ಲಿ ಅತ್ತೆ, "ಏನಪ್ಪ ಇವಳು, ಲಾಯರಮ್ಮ! ನಮ್ಮನೇಲಿ ಮಂಚ ಇಲ್ವೇನೇ?" ಎಂದು ನಕ್ಕು ಅಕ್ಕನ ಬ್ಯಾಗನ್ನು ಎತ್ತಿ ಆಟೋದಲ್ಲಿಟ್ಟಳು. ನಾನು ಅಕ್ಕನ ಕಡೆ ನೋಡಿದೆ. ಅವಳು ಬೇಡ ಅಂದಿದ್ದರೆ ನಾನು ಆಟೋಗೆ ಅಡ್ಡ ಮಲಗುತ್ತಿದ್ದೆ. ಅವಳು ಆ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು.

"ಆಯ್ತು ಅತ್ತೆ," ಅಂದಳು.

ಅತ್ತೆ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಹಂಡೆಯಲ್ಲಿ ಸೊಪ್ಪು ಹಾಕಿ ನೀರು ಕಾಯಿಸಿದಳು. ಅಕ್ಕನ ತಲೆಗೆ ಎಣ್ಣೆ ತಟ್ಟಿ, ಬೆನ್ನು ಉಜ್ಜಿ ಎರೆದಳು. ಅವರೆಕಾಳಿನ ಸಾರು ಮಾಡಿದಳು. ಬಾಗಿಲು ಮಾತ್ರ ತೆಗೆದೇ ಇತ್ತು. ಬೀದಿಯ ಹೆಂಗಸರು ಬಂದರು, ಚಾಪೆ ಹಾಸಿದ್ದಾಯಿತು, ಸೆರಗಿನಿಂದ ಕಣ್ಣೊರೆಸಿಕೊಂಡರು. ಗಂಡೋ ಹೆಣ್ಣೋ? ಅಕ್ಕ ಪ್ರತಿಯೊಬ್ಬರಿಗೂ ಹೇಳಿದಳು. ರಾಗವಿಲ್ಲದ ಒಂದೇ ದನಿಯಲ್ಲಿ ಹೇಳಿದಳು. ಕೋಟೆ ಆ ಮನೆಯಿಂದ ಕಾಣುತ್ತಿರಲಿಲ್ಲ, ಎದುರು ಮನೆಯ ನೀರಿನ ಟ್ಯಾಂಕು ಅಡ್ಡ ಇತ್ತು.

ಹೊರಡುವ ದಿನ ಅತ್ತೆ ಮಣೆ ಹಾಕಿ ಅಕ್ಕನನ್ನು ಕೂರಿಸಿದಳು. ತವರಿನ ಕಡೆಯ ಮನೆಯಿಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಮಡಿಲು ತುಂಬಬೇಕು. ಚೂಡಿದಾರಕ್ಕೆ ಮಡಿಲೆಲ್ಲಿ ಹುಡುಕಲಿ ಎಂದು ಗೊಣಗಿ, ಅಕ್ಕನ ವೇಲನ್ನೇ ತೊಡೆಯ ಮೇಲೆ ಹರಡಿ, ಬೊಗಸೆ ಬೊಗಸೆ ಅಕ್ಕಿ ಹಾಕಿದಳು. ಬೆಲ್ಲ, ಎಲೆ ಅಡಿಕೆ, ಹಸಿರು ರವಿಕೆ ಬಟ್ಟೆ, ಮೇಲೆ ಒಂದು ತೆಂಗಿನಕಾಯಿ.

"ಮುಂದಿನ ಸಲ ಬರೋವಾಗ ಈ ಮಡ್ಲಾಗೆ ಕೂಸು ಇರ್ಲಿ ಕಣವ್ವ," ಅಂದಳು. ಅಳುತ್ತಲೇ ಅಂದಳು.

ಅಕ್ಕ ವೇಲಿನ ನಾಲ್ಕೂ ತುದಿಯನ್ನು ಕೂಡಿಸಿ ಹಿಡಿದುಕೊಂಡಳು. ಬಸ್ಸಿನಲ್ಲಿ ನಾನು ಅದನ್ನು ಬ್ಯಾಗಿಗೆ ಸುರಿಯುತ್ತೇನೆ ಕೊಡು ಎಂದೆ. ಕೊಡಲಿಲ್ಲ. ಶ್ರೀರಾಂಪುರದವರೆಗೂ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಬಸ್ಸು ಕುಲುಕಿದಾಗಲೆಲ್ಲ ಅದಕ್ಕೆ ಕೈ ಅಡ್ಡ ಹಿಡಿದಳು. ಗಾಳಿಯಂತ್ರಗಳು ಬಂದವು. ನಾನು ಮಾತು ತೆಗೆದೆ.

"ನೀನು ಹೇಳಿದ್ದೇ ಸರಿ, ಆಯ್ತು," ಅಂದಳು.

ಈಗ ಅವಳು ರಾಮಗಿರಿಯಲ್ಲಿದ್ದಾಳೆ. ಫೋನ್ ಮಾಡಿದರೆ ಊಟ ಆಯ್ತು, ಮಳೆ ಇಲ್ಲ, ಎಲ್ಲಾ ಆರಾಮ. ಏನು ಕೆಣಕಿದರೂ ಆಯ್ತು ಬಿಡು. ಒಮ್ಮೆ ಮುದ್ದೆಯನ್ನು ಅಗಿದೇ ತಿನ್ನಬೇಕು ಎಂದು ಫೋನಿನಲ್ಲೇ ಭಾಷಣ ಬಿಗಿದೆ. ಅವಳು ಕೊನೆಯವರೆಗೂ ಕೇಳಿದಳು. "ಹಂಗೇ ಮಾಡು," ಅಂದಳು. ಯಾವ ಸ್ಪರ್ಧೆಯಲ್ಲಿ ಸೋತಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ಮೊನ್ನೆ ಊರಿಗೆ ಹೋದಾಗ ಅವ್ವ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಮತ್ತೆ ಅದೇ ಮಾತೆತ್ತಿದಳು, ನಿಮ್ಮಕ್ಕ ದುರ್ಗದಿಂದ ಬಂದ ಮೇಲೆ ಸುಧಾರಿಸಿದಳು ಎಂದು. ನನಗೆ ತಡೆಯಲಾಗಲಿಲ್ಲ. ಅಕ್ಕ ಕೇಳಿದ್ದು ಎರಡು ದಿನ, ಒಂದು ಬಾಗಿಲು. ಅದನ್ನೂ ಕೊಡಲಿಲ್ಲ ನೀವು. ಗುರುತಿಲ್ಲದವರಿಗೆ ಅಷ್ಟೆಲ್ಲ ಹೇಳುವ ದರ್ದು ನಿನಗೇನಿತ್ತು? ಬಾಯಿಗೆ ಬಂದದ್ದನ್ನೆಲ್ಲ ಕೇಳಿದೆ.

ಅವ್ವ ಕೈ ನಿಲ್ಲಿಸಲಿಲ್ಲ. "ಬಾಯಿ ತಪ್ಪಿ ಹೇಳ್ದೆ ಅನ್ಕಂಡಿದ್ಯೇನೇ? ನಿಮ್ಮತ್ತೆಗೆ ಸುದ್ದಿ ಮುಟ್ಲಿ ಅಂತಾನೇ ಹೇಳ್ದೆ."

"ಯಾಕೆ?"

"ನಂದೂ ಒಂದು ಹಂಗೇ ಹೋಗಿತ್ತು. ನಿಮ್ಮಕ್ಕಂಗಿಂತ ಮೊದ್ಲು."

ಇಷ್ಟು ವರ್ಷ ಆ ಮನೆಯಲ್ಲಿ ಬೆಳೆದು ನಾನು ಇದನ್ನು ಕೇಳಿರಲಿಲ್ಲ.

"ಆವಾಗ ನಿಮ್ಮತ್ತೇನೇ ಬಂದು ಕರ್ಕಂಡೋದ್ಲು. ನೀರು ಹಾಕಿದ್ಲು. ಮಡ್ಲು ತುಂಬಿ ಕಳ್ಸಿದ್ಲು. ಮರುವರ್ಷ ನಿಮ್ಮಕ್ಕ ಹುಟ್ಟಿದ್ಲು. ಇವಳಿಗೂ ಹಂಗೇ ಆಗ್ಲಿ ಅಂದ್ಕಂಡೆ. ತಪ್ಪಾ?"

ಒಂದರ ಹಿಂದೆ ಇನ್ನೊಂದು ಬಂದರೆ ಅದರಿಂದಲೇ ಬಂತು ಎಂದಲ್ಲ. ಇದು ಚರ್ಚೆಯ ಮೊದಲ ಪಾಠ, ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲಿಲ್ಲ. ಅವಳ ಬೆರಳು ಒಂದು ಸಿಪ್ಪೆಯನ್ನು ಬಿಡಿಸಲು ಹೋಗಿ ಜಾರಿತು, ಮತ್ತೆ ಹಿಡಿಯಿತು. ಮೊರದ ಈಚೆ ಕೂತೆ. ಅವಳ ಮುಖ ನೋಡಿ ಕೇಳಿದೆ.

"ಅವ್ವಾ, ಅತ್ತೆ ಬಂದು ನಿನ್ನನ್ನು ಕರ್ಕಂಡು ಹೋದಾಗ, ನಿನಗೆ ಎಲ್ಲಿಗೆ ಹೋಗ್ಬೇಕು ಅಂತ ಇತ್ತು?"