ಶಿಲ್ಪದಲ್ಲಿಲ್ಲದ ಕನ್ನಡಕ

ನಂಜುಂಡೇಶನನ್ನು ನಾನು ಮೊದಲು ಕಂಡದ್ದು ಹಾಸನದ ಒಂದು ಶಾಲೆಯ ಮೈದಾನದಲ್ಲಿ, ಭಾನುವಾರ ಬೆಳಿಗ್ಗೆ. ಗೊಬ್ಬರದ ಚೀಲದಲ್ಲಿ ಸುತ್ತಿದ ಬೆತ್ತದ ಗುರಾಣಿಯನ್ನು ಕಂಕುಳಲ್ಲಿ ಇರುಕಿಕೊಂಡು, ಗೇಟಿನ ಹತ್ತಿರವೇ ಚಪ್ಪಲಿ ಬಿಟ್ಟು ಬಂದ. ದಪ್ಪ ಗಾಜಿನ ಕನ್ನಡಕ. ಜಾರದಂತೆ ಅದಕ್ಕೆ ಎಲಾಸ್ಟಿಕ್ ಕಟ್ಟಿ ತಲೆಯ ಹಿಂದಕ್ಕೆ ಎಳೆದಿದ್ದ. "ಕತ್ತಿವರಸೆ ಕಲ್ಸೋದು ಇಲ್ಲೇನಾ ಸಾ?" ಎಂದು ನನ್ನನ್ನೇ ಕೇಳಿದ. ನಾನೂ ಹೊಸಬನೇ.

ನಮ್ಮದು ಹೊಯ್ಸಳರ ಕಾಲದ ಉಡುಗೆ ತೊಟ್ಟು ಮರದ ಕತ್ತಿ ಹಿಡಿದು ಆಡುವ ಹವ್ಯಾಸಿ ಬಳಗ. ಕಾಲೇಜು ಅಧ್ಯಾಪಕರಾದ ಪ್ರದ್ಯುಮ್ನ ಸರ್ ಅದರ ಮುಖ್ಯಸ್ಥರು. ಅವರದು ಒಂದೇ ನಿಯಮ: ಶಿಲ್ಪದಲ್ಲಿ ಇಲ್ಲದ್ದು ಮೈಮೇಲೆ ಇರಕೂಡದು. ತರಗತಿಗಳಲ್ಲಿ ಮಾತ್ರ ಅದನ್ನು ಸಡಿಲಿಸಿದ್ದರು. ಇಲ್ಲದಿದ್ದರೆ ಯಾರೂ ಕಲಿಯಲು ಬರುತ್ತಿರಲಿಲ್ಲ. ದಂಡಿಗನಹಳ್ಳಿಯಿಂದ ವಾರವಾರ ಬರುತ್ತಿದ್ದ ನಂಜುಂಡೇಶ ಎರಡು ವರ್ಷದಲ್ಲಿ ನಮ್ಮೆಲ್ಲರನ್ನೂ ಮೀರಿಸಿದ. ಬಳಗದ ಆ ಸಲದ ಕತ್ತಿವರಸೆ ಸ್ಪರ್ಧೆ ಗೆದ್ದವರಿಗೆ ಚನ್ನರಾಯಪಟ್ಟಣದ ಹೊಸ ತರಗತಿ ನಡೆಸುವ ಕೆಲಸ ಎಂದಾಗ, ಅದು ಅವನಿಗೇ ಎಂದುಕೊಂಡೆವು. ಅವನೂ ಮನೆಯಲ್ಲಿ "ಮೇಷ್ಟ್ರಾಯ್ತೀನಿ" ಎಂದು ಹೇಳಿಯೇ ಬಂದಿದ್ದ.

ಸ್ಪರ್ಧೆಯ ದಿನ ರಾಜನ ಉಡುಗೆಯಲ್ಲಿದ್ದ ಪ್ರದ್ಯುಮ್ನ ಸರ್ ಕಣದ ಅಂಚಿನಲ್ಲೇ ಅವನನ್ನು ತಡೆದರು. "ಯಾವ ವಿಗ್ರಹಕ್ಕೆ ಕನ್ನಡಕ ಇದೆಯಪ್ಪ? ತೆಗಿ."

"ತೆಗುದ್ರೆ ಎದ್ರಿಗಿರೋರೇ ಕಾಣಾಕಿಲ್ಲ ಸಾ."

"ಹಾಗಾದ್ರೆ ಆಡ್ಬೇಡ."

ಅವನು ತೆಗೆದು, ಅಂಚಿನಲ್ಲಿದ್ದ ತನ್ನ ಚೀಲದ ಮೇಲಿಟ್ಟ.

ಎದುರಾಳಿ ಅರಕಲಗೂಡಿನ ಕಿರಣ್‌ಕುಮಾರ. "ಲೇ ನಂಜ, ಇಲ್ಲಿವ್ನಿ ಕಣ್ಲಾ!" ಎಂದು ಕೂಗಿ ಪಕ್ಕಕ್ಕೆ ಸರಿದ. ನಂಜುಂಡೇಶ ದನಿಯತ್ತ ನುಗ್ಗಿ ಬಾವುಟದ ಕಂಬಕ್ಕೆ ಬಾರಿಸಿದ. ಜನ ನಕ್ಕರು. "ಕಂಬ ಸೋತೋಯ್ತು, ಬುಟ್ಬುಡ್ಲಾ ಅದ್ನ!" ಎಂದು ಯಾರೋ ಕಿರುಚಿದರು. ಕಿವಿಯ ಮೇಲೆ ಏಟು ಬಿದ್ದು ಹಿಂದೆ ಹಿಂದೆ ಹೋದವನ ಕಾಲಡಿ ಏನೋ ಕಟಕ್ ಎಂದಿತು. ತನ್ನ ಕನ್ನಡಕದ ಮೇಲೇ ನಿಂತಿದ್ದ. ಎಲ್ಲಕ್ಕಿಂತ ದೊಡ್ಡ ನಗೆ ಎದ್ದದ್ದು ಆಗ.

ಸೋತ ಮೇಲೆ ಅವನು ನಲ್ಲಿಯ ಬಳಿ ಅಂಗಾಲಿನ ರಕ್ತ ತೊಳೆಯುತ್ತಿದ್ದ. ಪಕ್ಕದಲ್ಲೇ ಪ್ರದ್ಯುಮ್ನ ಸರ್ ಕಣ್ಣಿನಿಂದ ಲೆನ್ಸ್ ತೆಗೆದು ಪುಟ್ಟ ಡಬ್ಬಿಗೆ ಹಾಕುತ್ತಿದ್ದರು.

"ಕಣ್ಗೇನಾರ ಬಿತ್ತಾ ಸಾ?" ಎಂದ ನಂಜುಂಡೇಶ, ಅವರು ಕಣ್ಣಿಗೆ ಕೈಹಾಕಿದ್ದಷ್ಟೇ ಕಂಡು.

"ಧೂಳಪ್ಪ, ಧೂಳು."

ನಾನು ನೋಡುತ್ತಿದ್ದುದನ್ನು ಗಮನಿಸಿ, ಸರ್ ದನಿ ತಗ್ಗಿಸಿದರು. "ಇದು ಹೊರಗೆ ಕಾಣಲ್ವಲ್ಲ."

ಸಂಜೆ ಬಸ್ಸಿನ ಬೋರ್ಡು ಓದಿ ಹೇಳಿ ಅವನನ್ನು ಹತ್ತಿಸಿದೆ.

ಚನ್ನರಾಯಪಟ್ಟಣದ ತರಗತಿಯನ್ನು ಈಗ ಕಿರಣ್‌ಕುಮಾರ ನಡೆಸುತ್ತಾನೆ. ನಂಜುಂಡೇಶ ಅದೇ ಊರಿನ ಮಂಡಿಯಲ್ಲಿ, ಹೊಸ ಕನ್ನಡಕ ಹಾಕಿಕೊಂಡು, ತೆಂಗಿನಕಾಯಿ ಸುಲಿಯುತ್ತಾನೆ.