ಟವಲಿನ ಕೆಳಗೆ ಗ್ರಾಫಿಕ್ಸ್ ಕಾರ್ಡು

ನಿಮ್ಮ ಮನೆಯ ಕಂಪ್ಯೂಟರ್ ಬಿಚ್ಚಿದರೆ ಏನು ವಾಸನೆ ಬರುತ್ತದೋ ನನಗೆ ಗೊತ್ತಿಲ್ಲ. ನಮ್ಮದನ್ನು ಬಿಚ್ಚಿದರೆ ಬೂಸಾ ವಾಸನೆ ಬರುತ್ತದೆ. ಅದಿರುವ ಕೋಣೆಯ ಕಿಟಕಿ ಕೊಟ್ಟಿಗೆಯ ಕಡೆಗೇ ಇರುವುದರಿಂದ, ಎಂಟು ವರ್ಷದಿಂದ ಅದರ ಫ್ಯಾನುಗಳು ಗಾಳಿಯ ಜೊತೆಗೆ ಹಿಂಡಿ, ಬೂಸಾ, ಒಣಹುಲ್ಲಿನ ಪುಡಿ ಎಲ್ಲವನ್ನೂ ಎಳೆದುಕೊಂಡು ಕೂತಿವೆ. ಮೊನ್ನೆ ಯಾರದೋ ಮಗುವಿನ ಹುಟ್ಟುಹಬ್ಬದ ಫ್ಲೆಕ್ಸ್ ಡಿಸೈನ್ ಮಾಡುತ್ತಿದ್ದಾಗ (ಸರಿ, ಸುಳ್ಳೇಕೆ, ಕಾರ್ ರೇಸ್ ಆಡುತ್ತಿದ್ದಾಗ) ಪರದೆ ಇದ್ದಕ್ಕಿದ್ದಂತೆ ಕಪ್ಪಾಯಿತು. ಸ್ಕ್ರೂ ಬಿಚ್ಚಿ ಬ್ರಷ್ ಹಿಡಿದು ಕೂತೆ. ಏಳು ಸಲ ಸೀನಿದ ಮೇಲೆ ಗ್ರಾಫಿಕ್ಸ್ ಕಾರ್ಡಿಗೆ ಕರೆಂಟು ಕೊಡುವ ವೈರು ಕಾಣಿಸಿತು. ಅದರ ಕೊರಳಲ್ಲಿ ಆ ನೀಲಿ ನೈಲಾನ್ ದಾರದ ಗಂಟು ಇನ್ನೂ ಹಾಗೇ ಇತ್ತು. ಬೆರಳು ಚೌಡಪ್ಪನ ಗಂಟು ಅದು.

ಬೆರಳು ಚೌಡಪ್ಪ ಅಂದರೆ ನನ್ನ ಸೋದರಮಾವ, ಅಮ್ಮನ ತಮ್ಮ. ಬಂಗಾರಪೇಟೆ ಸುತ್ತಮುತ್ತ ದನದ ದಲ್ಲಾಳಿ. ದನದ ಸಂತೆ ನೋಡಿದವರಿಗೆ ಗೊತ್ತು, ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವ ಪದ್ಧತಿ ಇಲ್ಲ. ಇಬ್ಬರ ಕೈ ಮೇಲೆ ಒಂದು ಟವಲ್ ಮುಚ್ಚಿ, ಒಳಗೊಳಗೇ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾರೆ. ಸುತ್ತ ಇಪ್ಪತ್ತು ಜನ ನಿಂತು ಬಾಯಿ ಬಿಟ್ಟುಕೊಂಡು ನೋಡಿದರೂ ಎಷ್ಟಕ್ಕೆ ಕುದುರಿತು ಅಂತ ಒಬ್ಬರಿಗೂ ತಿಳಿಯುವುದಿಲ್ಲ. ಈ ವಿದ್ಯೆಯಲ್ಲಿ ನಮ್ಮ ಮಾವ ಎಂಥವನೆಂದರೆ, ಹೋರಿಯ ಹಗ್ಗಕ್ಕೆ ಸಿಕ್ಕಿ ಸೊಟ್ಟಗಾದ ಅವನ ಕಿರುಬೆರಳನ್ನು ಮುಟ್ಟಿದರೆ ಸಾಕು, ಎದುರಿನವನು ಅರ್ಧ ಸೋತ ಹಾಗೆ ಅಂತ ಊರಲ್ಲಿ ಮಾತಿತ್ತು. ಈ ಮಾತನ್ನು ಊರಲ್ಲಿ ಹಬ್ಬಿಸಿದವನು ಅವನೇ ಇರಬೇಕು ಅಂತ ನನ್ನ ಅನುಮಾನ.

ನಾನಾಗ ಕೆಜಿಎಫ್‌ನಲ್ಲಿ ಬಿ.ಕಾಂ. ಓದುತ್ತಿದ್ದೆ. ಕಾಲೇಜು ಮುಗಿಸಿ ಬಸ್ಸಿಗೆ ಕಾಯುವ ಹೊತ್ತಲ್ಲಿ ಆಂಡರ್ಸನ್‌ಪೇಟೆಯ ಒಂದು ಗೇಮ್ ಸೆಂಟರಿನ ಬಾಗಿಲಲ್ಲಿ ನಿಂತು ಒಳಗೆ ಇಣುಕುವುದು ನನ್ನ ಚಾಳಿ. ಒಳಗೆ ಬರೀ ಗಂಡುಹುಡುಗರು. ಆಡಿದರೆ ನನ್ನದೇ ಕಂಪ್ಯೂಟರಿನಲ್ಲಿ ಆಡಬೇಕು ಅಂತ ಹಠ ಹಿಡಿದಿತ್ತು. ಆಸ್ತಿ ಅಂತ ನನಗಿದ್ದದ್ದು ಒಂದೇ ಒಂದು ಸೀಮೆ ಕಡಸು. ಕರುವಾಗಿದ್ದಾಗಲೇ ಅಮ್ಮ ‘ಇದು ನಿಂದು, ನೀನೇ ಸಾಕ್ಕೊ’ ಅಂದಿದ್ದಳು. ಅದನ್ನು ಮಾರಿ ನನಗೆ ಓಲೆ ಮಾಡಿಸುವುದು ಅವಳ ಲೆಕ್ಕ. ಕಂಪ್ಯೂಟರ್ ಅಂದಾಗ ಹಾಲಿನ ಕ್ಯಾನು ತೊಳೆಯುತ್ತಿದ್ದವಳು ಕೈ ನಿಲ್ಲಿಸಿದಳು.

‘ಓಲೆಯಾದ್ರೆ ಕಿವೀಗ್ ಆಕ್ಕೊಂತೀಯ, ನಾಕ್ ಜನ ನೋಡ್ತಾರೆ. ಇದನ್ನ ಎಲ್ಲಿಗ್ ಆಕ್ಕೊಂತೀಯಮ್ಮಾ?’

ಮೂರು ದಿನ ಮುಖ ಊದಿಸಿಕೊಂಡಿದ್ದೆ. ನಾಲ್ಕನೇ ದಿನ ಒಪ್ಪಿದಳು. ‘ಕೆಟ್ಟೋಯ್ತು, ಮೋಸ ಓದೆ ಅಂತ ಬಂದ್ ಅಳ್ಬೇಡ. ಇನ್ನೊಂದು ಕಡಸೂ ಇಲ್ಲ, ಓಲೇನೂ ಇಲ್ಲ,’ ಅಂದಳು.

ಕಡಸನ್ನು ಮಾರಿಕೊಟ್ಟವನು ಮಾವನೇ. ಮೂವತ್ತೆಂಟು ಸಾವಿರ ಬಂತು. ಕೊಂಡವರ ಹತ್ತಿರ ಒಂದು ಸಾವಿರ ದಲ್ಲಾಳಿ ಕಾಸು ತೆಗೆದುಕೊಂಡ, ನ್ಯಾಯವೇ. ಆಮೇಲೆ ನನ್ನ ಕಡೆ ತಿರುಗಿ ಕೈ ಚಾಚಿದ.

‘ನನ್ನತ್ರಾನೂನಾ ಮಾವ?’

‘ದಲ್ಲಾಳಿ ಬಿಟ್ರೆ ಕೈಗುಣ ಓಯ್ತದೆ ಅಮ್ಮಣ್ಣಿ. ತೆಗಿ.’

ಒಂದು ಸಾವಿರ ತೆಗೆದುಕೊಟ್ಟೆ. ಆವತ್ತಿನಿಂದ ಮೊನ್ನೆಯವರೆಗೆ ನಮ್ಮ ಕಡೆ ಆದ ಪ್ರತಿಯೊಂದು ಮದುವೆ, ನಾಮಕರಣ, ತಿಥಿಯ ಊಟದ ಎಲೆ ಮುಂದೆ ಈ ಕತೆ ಹೇಳಿ ಎಲ್ಲರನ್ನೂ ನಗಿಸಿದ್ದೇನೆ. ಸ್ವಂತ ಅಕ್ಕನ ಮಗಳ ಹತ್ತಿರವೂ ದಲ್ಲಾಳಿ ಕಿತ್ತವನು! ಮಾವ ಅಲ್ಲೇ ಕೂತು ಪಾಯಸ ಸುರಿದುಕೊಳ್ಳುತ್ತಾ ತಾನೂ ನಗುತ್ತಿದ್ದ.

ಕಡಸು ಮಾರಿದವನಿಗೆ ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ನೋಡುವ ಹಕ್ಕೂ ಇರುತ್ತದಂತೆ. ಬಿಡಿಭಾಗಗಳ ಪಟ್ಟಿ ಬರೆದುಕೊಂಡು ಕೂತಿದ್ದವಳ ಪಕ್ಕ ಬಂದು ಕೂತ. ನಾನೋ, ತಿಂಗಳುಗಟ್ಟಲೆ ಮೊಬೈಲಿನಲ್ಲಿ ವಿಡಿಯೋ ನೋಡಿ ಪಂಡಿತೆಯಾಗಿದ್ದೆ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್ ಅಂತ ಗಂಭೀರವಾಗಿ ಪಾಠ ಶುರುಮಾಡಿದೆ. ಅವನು ಅರ್ಧಕ್ಕೇ ತಡೆದ.

‘ಅದೆಲ್ಲ ಇರ್ಲಿ. ಇದ್ರಲ್ಲಿ ಆಲ್ ಕೊಡೋದ್ ಯಾವ್ದು?’

ಯೋಚಿಸಿ, ‘ಗ್ರಾಫಿಕ್ಸ್ ಕಾರ್ಡು. ಗೇಮು ಚೆನ್ನಾಗಿ ಕಾಣೋದು, ಓಡೋದು ಅದ್ರಿಂದಲೇ’ ಅಂದೆ.

‘ಮೇವು ಆಕೋದು?’

‘ಎಸ್‌ಎಂಪಿಎಸ್. ಎಲ್ಲಾದಕ್ಕೂ ಕರೆಂಟು ಹಂಚೋದು ಅದು.’

‘ಅಂಗಾದ್ರೆ ಅವೆರಡ್ರಲ್ಲಿ ಕಂಜೂಸ್ತನ ಮಾಡ್ಬೇಡ. ಇದೇನು, ಈ ಗಾಜಿನ ಡಬ್ಬ, ಬಣ್ಣದ ಲೈಟು? ಕೊಂಬಿಗೆ ಬಣ್ಣ ಬಳಿದವ್ರೆ ಅಂತ ಅಸೂಗೆ ನಾಕ್ ಸಾವ್ರ ಜಾಸ್ತಿ ಕೊಡ್ತೀಯಾ ನೀನು?’

ನನ್ನ ಪ್ರಾಣವೆಲ್ಲ ಆ ಲೈಟಿನ ಕ್ಯಾಬಿನೆಟ್ಟಿನಲ್ಲೇ ಇತ್ತು. ಹೊಟ್ಟೆ ಉರಿಯಿತು. ಆದರೆ ನಲವತ್ತು ನಿಮಿಷದ ವಿಡಿಯೋಗಳು ಸುತ್ತಿ ಬಳಸಿ ಹೇಳಿದ್ದೂ ಇದನ್ನೇ. ಕ್ಯಾಬಿನೆಟ್ಟನ್ನು ಹೊಡೆದು ಹಾಕಿ ಕರೀ ತಗಡಿನ ಡಬ್ಬ ಅಂತ ಬರೆದೆ. ಪರದೆಗೆ ಬೇರೆ ಖರ್ಚು ಬೇಡ, ಮನೆಯ ಟಿ.ವಿ.ಯೇ ಸಾಕು ಅಂತ ಮಾವ ತೀರ್ಮಾನ ಕೊಟ್ಟ. ಅಮ್ಮನ ಧಾರಾವಾಹಿಗಳನ್ನು ಇಬ್ಬರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಆ ಯುದ್ಧದ ಕತೆಯೇ ಬೇರೆ.

ಬೆಂಗಳೂರಿನ ಎಸ್.ಪಿ. ರಸ್ತೆಗೆ ರೈಲಲ್ಲಿ ಹೋಗಿ, ಅಂಗಡಿಯಿಂದ ಅಂಗಡಿಗೆ ಅಲೆದು, ಕಾರ್ಡೊಂದು ಬಿಟ್ಟು ಮಿಕ್ಕಿದ್ದೆಲ್ಲ ತಂದೆ. ಇಪ್ಪತ್ತೆರಡು ಸಾವಿರ ಹೋಯಿತು. ಉಳಿದದ್ದು ಹದಿನೈದು. ನನಗೆ ಬೇಕಾದ ಕಾರ್ಡು ಹೊಸದಾದರೆ ಆ ದುಡ್ಡಿಗೆ ಅದರ ಖಾಲಿ ಪೆಟ್ಟಿಗೆಯೂ ಬರುತ್ತಿರಲಿಲ್ಲ. ಅಷ್ಟರಲ್ಲಿ ಆಂಡರ್ಸನ್‌ಪೇಟೆಯ ಅದೇ ಗೇಮ್ ಸೆಂಟರಿನ ಮಾಲೀಕ ಸ್ಟ್ಯಾನ್ಲಿ, ಅಂಗಡಿ ಮುಚ್ಚುತ್ತಿದ್ದಾರೆ, ಕಾರ್ಡು ಮಾರುತ್ತಾರೆ ಅಂತ ಸುದ್ದಿ ಬಂತು. ಅವರಿಗೆ ಮದುವೆ ಗೊತ್ತಾಗಿತ್ತು. ‘ಗೇಮ್ ಬೇಕಾ, ನಾನು ಬೇಕಾ’ ಅಂತ ಹುಡುಗಿ ಕೇಳಿದ್ದಳಂತೆ. ಹೇಳಿದ ಬೆಲೆ ಇಪ್ಪತ್ತು ಸಾವಿರ.

‘ಎರಡೊತ್ತು ಕರೆದು ನೋಡಾಣ,’ ಅಂದ ಮಾವ.

ಹಸು ಕೊಳ್ಳುವಾಗ ಸಂಜೆ ಒಂದು ಸಲ, ಬೆಳಿಗ್ಗೆ ಒಂದು ಸಲ ಎದುರಿಗೇ ಹಾಲು ಕರೆಸಿ ನೋಡುತ್ತಾರೆ. ಒಂದು ಹೊತ್ತು ಕರೆಯದೆ ಕಟ್ಟಿಹಾಕಿ ಕೆಚ್ಚಲು ತುಂಬಿಸಿ ತೋರಿಸುವ ಕಳ್ಳರಿರುತ್ತಾರಲ್ಲ, ಅದಕ್ಕೆ. ಸಂಜೆ ಊರಿಗಾಂನಲ್ಲಿ ಗಣಿ ಕಾರ್ಮಿಕರ ಲೈನ್ ಮನೆಗಳ ನಡುವಿದ್ದ ಸ್ಟ್ಯಾನ್ಲಿ ಮನೆಗೆ ಹೋದೆವು. ನಾನು ಆಡುತ್ತಾ ಕೂತೆ. ಮಾವ ಡಬ್ಬದ ಹಿಂದೆ ಕುಕ್ಕರಗಾಲಲ್ಲಿ ಕೂತು, ಬರುವ ಬಿಸಿಗಾಳಿಗೆ ಅಂಗೈ ಹಿಡಿದು, ‘ಉಸಿರು ಸರಿಯಾಗೈತೆ’ ಅಂದ. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಮಾರನೇ ದಿನ ಬೆಳಿಗ್ಗೆ ಸ್ಟ್ಯಾನ್ಲಿ ಹಲ್ಲುಜ್ಜುತ್ತಿರುವಾಗಲೇ ಮತ್ತೆ ಹಾಜರು. ತಣ್ಣಗಿದ್ದ ಕಾರ್ಡು ಶುರುವಾಗುತ್ತಿದ್ದಂತೆ ಅದರ ಫ್ಯಾನು ಗೊರಗೊರ ಅಂದು, ಎರಡು ನಿಮಿಷ ಬಿಸಿಯಾದ ಮೇಲೆ ಸುಮ್ಮನಾಯಿತು. ಮಾವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಸ್ಟ್ಯಾನ್ಲಿ ಪೇಸ್ಟಿನ ನೊರೆಯ ಸಮೇತ, ‘ಒಂದು ತೊಟ್ಟು ಎಣ್ಣೆ ಬಿಟ್ರೆ ಸರಿಹೋಗುತ್ತೆ ಅಂಕಲ್’ ಅಂತ ಒಪ್ಪಿಕೊಂಡರು.

ಆಗ ಮಾವ ಹೆಗಲಿಂದ ಟವಲ್ ಇಳಿಸಿದ. ಎದುರಾಳಿಗೆ ಲೆಕ್ಕವೇ ಗೊತ್ತಿಲ್ಲ. ಒಂದು ಬೆರಳಿಗೆ ಒಂದು ಸಾವಿರ, ಅಂಗೈ ಪೂರ್ತಿ ಹಿಡಿದರೆ ಐದು ಅಂತ ಮೊದಲು ಪಾಠ ಹೇಳಿಕೊಟ್ಟು, ಆಮೇಲೆ ಅದೇ ಶಿಷ್ಯನನ್ನು ಸುಲಿಯಲು ಕೂತ. ಒಳಗೆ ಬೆರಳಾಡುತ್ತಿದ್ದಂತೆ ಸ್ಟ್ಯಾನ್ಲಿ ಕಚಗುಳಿ ಅಂತ ಕಿಸಿಕಿಸಿ ನಗತೊಡಗಿದರು. ಅಡುಗೆಮನೆಯಿಂದ ಬಂದ ಅವರ ತಾಯಿ, ಟವಲ್ ಕೆಳಗೆ ಮಗ ಯಾರದೋ ಕೈ ಹಿಡಿದು ನಗುವುದನ್ನು ಕಂಡು, ‘ಎನ್ನಪ್ಪಾ ಇದು!’ ಅಂತ ತಮಿಳಲ್ಲಿ ಬೆರಗಾದರು. ನಗು ನಿಂತಿತು. ಇಬ್ಬರ ಮುಖವೂ ಬಿಗಿಯಾಯಿತು. ಟವಲ್ ತುಂಬಾ ಹೊತ್ತು ಅಲುಗಾಡಿತು. ನನ್ನ ಕಡಸು, ನನ್ನ ಓಲೆ ಎಲ್ಲ ಆ ಟವಲಿನ ಕೆಳಗಿತ್ತು. ನಾನು ಉಗುರು ಕಚ್ಚುತ್ತಾ ನಿಂತಿದ್ದೆ.

‘ಕುದುರ್ತು,’ ಅಂದ ಮಾವ. ‘ಅದಿನೈದು. ದುಡ್ ಇಲ್ ಕೊಟ್ಟು, ಮೂಲೆ ಅಂಗ್ಡೀಲಿ ಎಲೆ ಅಡಿಕೆ ತಗೊಂಡ್ ಬಾ ಓಗು. ಬರೀ ಕೈಲಿ ದುಡ್ ಕೊಡ್ಬಾರ್ದು.’

ಕುಣಿದುಕೊಂಡು ಹೋಗಿ ಎಲೆ ಅಡಿಕೆ ತಂದುಕೊಟ್ಟು, ಆಟೋ ಹಿಡಿಯಲು ರಸ್ತೆಗೆ ಓಡಿದೆ. ಮಾವ ಕಾರ್ಡನ್ನು ಅಮ್ಮನ ಹಳೇ ಸೀರೆಯಲ್ಲಿ ಸುತ್ತಿ, ಕೂಸಿನ ಹಾಗೆ ಎತ್ತಿಕೊಂಡು ಬಂದ.

ಮನೆಯಲ್ಲಿ ಎಲ್ಲ ಜೋಡಿಸಿ, ಅಮ್ಮನ ಕೈಲಿ ಊದುಬತ್ತಿ ಹಚ್ಚಿಸಿ, ಸ್ವಿಚ್ ಒತ್ತಿದರೆ ಟಿ.ವಿ. ಕಪ್ಪಗೆ ಕೂತಿದೆ. ಮತ್ತೆ ಒತ್ತಿದೆ. ಕಪ್ಪು.

‘ಕಡಸು ಕೊಟ್ಟು ಕಲ್ಲು ತಂದ್ರಾ ಇಬ್ರೂ?’ ಅಂದಳು ಅಮ್ಮ.

ಅಳುತ್ತಾ ಸ್ಟ್ಯಾನ್ಲಿಗೆ ಫೋನ್ ಮಾಡಿದೆ. ‘ಸಿಸ್ಟರ್, ಕಾರ್ಡಿನ ಕರೆಂಟು ವೈರು ಇಲ್ಲೇ ಇದೆಯಲ್ಲ! ನಾನು ಕೊಡೋಕೆ ಹೋದೆ, ಅಂಕಲ್ ಬೇಡ ಅಂದ್ಬಿಟ್ರು,’ ಅಂದರು.

ತಿರುಗಿ ನೋಡಿದೆ. ಮಾವ ತಪ್ಪೇ ಮಾಡದವನಂತೆ ನಿಂತಿದ್ದ. ‘ಅಸ ಮಾರಿದೋರು ಅದ್ರ ಕಣ್ಣಿ ಕೊಡಲ್ಲ ಅಮ್ಮಣ್ಣಿ. ಕೊಟ್ರೆ ಅವ್ರ ಕೊಟ್ಟಿಗೆ ಲಕ್ಷ್ಮಿ ಓಯ್ತಾಳೆ. ಮದ್ವೆ ಆಗೋ ಉಡುಗ ಬೇರೆ. ಕೊರಳಗ್ಗ ಯಾರಾದ್ರೂ ಕೇಳ್ತಾರಾ?’

ನಾನು ಬೈದದ್ದು ಇಲ್ಲಿ ಬರೆಯುವಂಥದ್ದಲ್ಲ. ಅವನು ಚಪ್ಪಲಿ ಮೆಟ್ಟಿಕೊಂಡು ಮತ್ತೆ ಬಸ್ ಹತ್ತಿದ. ಸಂಜೆ ವೈರು ತಂದ. ಅದಕ್ಕೊಂದು ನೀಲಿ ನೈಲಾನ್ ದಾರದ ಗಂಟು ಬಿದ್ದಿತ್ತು. ‘ಇವಾಗ ಕಣ್ಣಿ ನಮ್ದು. ದೋಸ ಇಲ್ಲ,’ ಅಂದ. ಸಿಕ್ಕಿಸಿ ಸ್ವಿಚ್ ಒತ್ತಿದೆ. ಟಿ.ವಿ. ಬೆಳಗಿತು. ಅಮ್ಮ ಕೂಡ ‘ಅಬ್ಬ!’ ಅಂದಳು, ಮರುಕ್ಷಣವೇ ಧಾರಾವಾಹಿ ಹಾಕು ಅಂದಳು.

ಇದಿಷ್ಟೂ ನೆನಪಾಗಿ, ಮೊನ್ನೆ ಆ ಕಾರ್ಡನ್ನು ಬಿಚ್ಚಿ ಸ್ಟ್ಯಾನ್ಲಿ ಹತ್ತಿರವೇ ಒಯ್ದೆ. ಈಗ ಅವರಿಗೆ ಆಂಡರ್ಸನ್‌ಪೇಟೆಯಲ್ಲಿ ಮೊಬೈಲ್ ಸರ್ವಿಸ್ ಅಂಗಡಿಯಿದೆ, ಎರಡು ಮಕ್ಕಳಿದ್ದಾರೆ, ಹೊಟ್ಟೆಯೂ ಬಂದಿದೆ. ಕಾರ್ಡಿನೊಳಗಿನ ಬೂಸಾ ಊದಿ ತೆಗೆದು, ಚಿಪ್ಪಿನ ಬಿಸಿ ಎಳೆಯುವ ಹೊಸ ಪೇಸ್ಟು ಹಚ್ಚಿ ಹಾಕಿ ನೋಡಿದರು. ಓಡಿತು.

‘ಹದಿನೇಳು ಸಾವಿರಕ್ಕೆ ಎಂಟು ವರ್ಷ ದುಡಿದಿದೆ ಸಿಸ್ಟರ್. ಇನ್ನೇನು ಬೇಕು?’

‘ಹದಿನೈದು,’ ಅಂದೆ.

‘ಹದಿನೇಳು ಸಿಸ್ಟರ್. ಅದರ ಕೆಳಗೆ ನಾನು ಇಳಿಯಲೇ ಇಲ್ಲ. ಉಂಗುರ ತಗೋಬೇಕಿತ್ತಲ್ಲ...’ ಅಷ್ಟು ಹೇಳಿ ನಾಲಿಗೆ ಕಚ್ಚಿಕೊಂಡರು. ‘ಅಯ್ಯೋ, ಅಂಕಲ್ ಹೇಳ್ಬೇಡ ಅಂದಿದ್ರು. ನೀವು ಆಟೋಗೆ ಹೋದಾಗ ಅಂಡರ್‌ಪ್ಯಾಂಟ್ ಜೇಬಿಂದ ಎರಡು ಸಾವಿರ ತೆಗೆದು, ಎಲೆ ಒಳಗೆ ನಿಮ್ಮ ದುಡ್ಡಿನ ಜೊತೆ ಇಟ್ಟು ಕೊಟ್ರು.’

ಎರಡು ಸಾವಿರ. ಕಡಸು ಕೊಂಡವರ ಒಂದು, ನನ್ನದೊಂದು. ಕೈ ಚಾಚಿ ಕಿತ್ತುಕೊಂಡ ದಲ್ಲಾಳಿ ಕಾಸನ್ನು ಅಷ್ಟಕ್ಕಷ್ಟೂ ಅಲ್ಲಿ ಸುರಿದಿದ್ದ. ನಾನು ಎಷ್ಟು ಎಲೆಗಳ ಮುಂದೆ ಆ ಕತೆ ಹೇಳಿ ಜನರನ್ನು ನಗಿಸಿದ್ದೆ! ಬಸ್ಸಿನಲ್ಲಿ ಬರುತ್ತಾ ನಾಚಿಕೆಯಿಂದ ಮುಖ ಸುಡುತ್ತಿತ್ತು, ಅಳುವೂ ಬರುತ್ತಿತ್ತು.

ಮಾವ ನಮ್ಮ ಕೊಟ್ಟಿಗೆ ಮುಂದಿನ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದ. ಪಕ್ಕದಲ್ಲಿ ಕೂತೆ. ಅವನ ಹೆಗಲಿನ ಟವಲ್ ಎಳೆದು ನಮ್ಮಿಬ್ಬರ ಕೈ ಮೇಲೆ ಮುಚ್ಚಿ, ಅವನ ಎರಡು ಬೆರಳು ಹಿಡಿದೆ.

ಬೀಡಿ ಕೆಳಗಿಟ್ಟ. ‘ಆ ಸ್ಟ್ಯಾನ್ಲಿ ಬಾಯಿ ಬಿಟ್ನಾ?’

‘ವ್ಯಾಪಾರ ಮಾಡು ಮಾವ. ಸುಮ್ನೆ ಕೊಟ್ರೆ ನೀನ್ ತಗೊಳ್ಳಲ್ಲ.’

ಅವನು ನನ್ನ ಬೆರಳನ್ನು ಒಂದೊಂದಾಗಿ ಮಡಚಿದ. ನಾನು ಬಿಡಿಸಿಕೊಂಡು ಅಂಗೈ ಪೂರ್ತಿ ಹಿಡಿದೆ. ಎಂಟು ವರ್ಷದ ಬಡ್ಡಿ ಬೇಡವೇ? ಅವನು ಬಲವಾಗಿ ಚಿವುಟಿದ. ಸಂತೆಯನ್ನೇ ಸೋಲಿಸಿದ ಆ ಸೊಟ್ಟ ಕಿರುಬೆರಳು ನನ್ನ ಅಂಗೈಯಲ್ಲಿ ಕೆಳಕ್ಕೆ, ಇನ್ನೂ ಕೆಳಕ್ಕೆ ಎಳೆಯುತ್ತಿತ್ತು. ಕೊಡಬೇಕಾದವಳು ಬೆಲೆ ಏರಿಸುತ್ತಿದ್ದೆ, ತಗೋಬೇಕಾದವನು ಇಳಿಸುತ್ತಿದ್ದ. ಇಂಥ ವ್ಯಾಪಾರ ಯಾವ ಸಂತೆಯಲ್ಲೂ ಆಗಿರಲಾರದು. ಒಳಗಿಂದ ಅಮ್ಮ, ‘ಏನ್ರಪ್ಪಾ ಅದು, ಮಾವ ಸೊಸೆ?’ ಅಂದಳು.

ಕೊನೆಗೆ ಕುದುರಿತು. ಎಷ್ಟಕ್ಕೆ ಅಂತ ನೀವು ಕೇಳಬಾರದು, ನಾನು ಹೇಳಬಾರದು.

ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡ ಮಾವ, ಕಣ್ಣೊರೆಸಿಕೊಂಡು, ನನ್ನ ಮುಂದೆ ಕೈ ಚಾಚಿದ.

‘ವ್ಯಾಪಾರ ಕುದುರಿಸಿದ್ ದಲ್ಲಾಳಿ ಕಾಸು? ತೆಗಿ.’

ತೆಗೆದುಕೊಟ್ಟೆ. ಎರಡೂ ಕಡೆಯದು.