ಮುಂದಿನ ಕೋಣೆಯ ರೇಡಿಯೇಟರ್

ಹ್ಯಾಲಿಫ್ಯಾಕ್ಸಿನ ನಮ್ಮ ಬೀದಿಯಲ್ಲಿ ಯಾರ ಮನೆ ಬೆಚ್ಚಗಿದ್ದರೂ ಅದು ಸ್ಟಾನ್ಲಿ ಹೋಲ್‌ರಾಯ್ಡನ ಕೈಕೆಲಸ. ಬಾಯ್ಲರಿನ ಬಿಸಿನೀರು ಹರಿದು ಕೋಣೆ ಕಾಯಿಸುವ ರೇಡಿಯೇಟರ್ ಕೂರಿಸುವುದೇ ಅವನ ಕಸುಬು. ಟೇಪು ಬಿಚ್ಚುವ ಮೊದಲು ಅವನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಈ ಕೋಣೇಲಿ ಯಾರು ಕೂರ್ತೀರಿ?" ಕಿಟಕಿ ಎಷ್ಟಗಲ, ಎಷ್ಟು ಗೋಡೆ ಹೊರಗಿನ ಗಾಳಿಗೆ ಬಿದ್ದಿವೆ ಎಂಬುದೆಲ್ಲ ಆಮೇಲೆ. ಅಜ್ಜಿ ಕೂರುವ ಕೋಣೆಗೆ ದೊಡ್ಡದು, ರಜಾಯಿ ಹೊದ್ದು ಮಲಗುವ ಕೋಣೆಗೆ ಚಿಕ್ಕದು.

ಅವನ ಮನೆ ಸಾಲಿನ ಕೊನೆಯದು. ನಮ್ಮದು ಅದಕ್ಕೆ ಅಂಟಿಕೊಂಡದ್ದು. ಬೀದಿಗೆ ಮುಖ ಮಾಡಿದ ಅವನ ಮುಂದಿನ ಕೋಣೆಗೆ ಎರಡು ಗೋಡೆ ಗಾಳಿಗೆ, ಸಾಲದ್ದಕ್ಕೆ ಹೊರಚಾಚಿದ ದೊಡ್ಡ ಕಿಟಕಿ. ಆದರೆ ನಮ್ಮಲ್ಲಿ ಮುಂದಿನ ಕೋಣೆಯಲ್ಲಿ ಯಾರು ಕೂರುತ್ತಾರೆ? ಪಾದ್ರಿ ಬಂದರೆ, ಕ್ರಿಸ್‌ಮಸ್ ಬಂದರೆ, ಹೆಣ ಇಡುವುದಿದ್ದರೆ ಅದರ ಬಾಗಿಲು ತೆಗೆಯುತ್ತೇವೆ. ಒಳ್ಳೆಯ ಪಿಂಗಾಣಿ ಅಲ್ಲಿ, ನಾವು ಅಡುಗೆಮನೆಯಲ್ಲಿ. ಸ್ಟಾನ್ಲಿಯೂ ಯಾರದೋ ಮನೆಯಲ್ಲಿ ಮಿಕ್ಕಿದ್ದ ಪುಟಾಣಿ ರೇಡಿಯೇಟರನ್ನು ಅಲ್ಲಿ ತಗುಲಿಸಿ ಕೈತೊಳೆದುಕೊಂಡ. ದೀಪದ ಬುಡದಲ್ಲೇ ಕತ್ತಲೆ. ಅವನ ಹೆಂಡತಿ ಎನಿಡ್, "ಪಿಂಗಾಣಿಗೇನು ಚಳಿ ಆಗಲ್ಲ ಬಿಡು" ಎಂದು ನಕ್ಕಿದ್ದಳು.

ಹೋದ ಚಳಿಗಾಲ ಎನಿಡ್‌ಗೆ ಪಾರ್ಶ್ವವಾಯು ಹೊಡೆಯಿತು. ಮೆಟ್ಟಿಲು ಹತ್ತಲಾರಳು ಎಂದು ಮಂಚವನ್ನು ಮುಂದಿನ ಕೋಣೆಗೆ ಇಳಿಸಿದರು. ಬಾಯ್ಲರನ್ನು ಎಷ್ಟು ಏರಿಸಿದರೂ ಅಡುಗೆಮನೆಯಲ್ಲಿ ಬೆವರು, ಅವಳ ಕೋಣೆಯಲ್ಲಿ ಬಾಯಿಂದ ಹಬೆ. ನಾನು ದಿನಾ ಹೋಗಿ ಅವಳ ಕೈ ಉಜ್ಜುತ್ತಿದ್ದೆ. ನನಗೆ ಮೈಯೆಲ್ಲ ಉರಿದು, ದೊಡ್ಡದು ಹಾಕೋದಕ್ಕೆ ನಿನಗೇನು ಧಾಡಿ ಎಂದು ಸ್ಟಾನ್ಲಿಗೆ ಬೈದೆ. ಕೊಳವೆಯ ನೀರೆಲ್ಲ ಖಾಲಿ ಮಾಡಬೇಕು, ಅಷ್ಟು ಹೊತ್ತು ಇಡೀ ಮನೆ ತಣ್ಣಗಾಗುತ್ತದೆ, ಅವಳನ್ನು ಇಲ್ಲಿಟ್ಟುಕೊಂಡು ಹೇಗೆ ಮಾಡಲಿ ಎಂದು ಅವನು ಗೋಳಾಡಿದ.

ಫೆಬ್ರುವರಿಯಲ್ಲಿ ಎದೆಗೆ ಕಫ ಕಟ್ಟಿ ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಅವಳು ಬರುವುದರೊಳಗೆ ಮುಗಿಸಬೇಕೆಂದು ಸ್ಟಾನ್ಲಿ ಕಿಟಕಿ ಅಳೆದ, ಗೋಡೆ ಅಳೆದ. ಅಭ್ಯಾಸಬಲದಿಂದ ಆ ಪ್ರಶ್ನೆಯೂ ಬಾಯಿಗೆ ಬಂತು. "ಇಲ್ಲಿ ನನ್ನ ಎನಿಡ್ ಇರ್ತಾಳೆ" ಎಂದು ತಾನೇ ಉತ್ತರ ಹೇಳಿಕೊಂಡ. ಕಿಟಕಿಯ ಉದ್ದಕ್ಕೂ ಬರುವಂಥ ದಪ್ಪ ರೇಡಿಯೇಟರ್ ತಂದು ಕೂರಿಸಿದ. ನಾನು ಆ ಕೋಣೆಯಲ್ಲಿ ಮೊದಲ ಸಲ ಕೋಟು ಕಳಚಿ ಕೂತೆ.

ಎನಿಡ್ ಮನೆಗೆ ಬಂದದ್ದು ಪೆಟ್ಟಿಗೆಯಲ್ಲಿ. ಪೆಟ್ಟಿಗೆ ತಂದವನು ಕೋಣೆಯ ಕಾವು ನೋಡಿ, ಮಣ್ಣಾಗುವವರೆಗೆ ಇಲ್ಲಿ ತಣ್ಣಗಿರಬೇಕು ಎಂದು ಸ್ಟಾನ್ಲಿಗೆ ಮೆಲ್ಲಗೆ ಹೇಳಿದ.

"ಚಳಿಗಾಲ ಪೂರ್ತಿ ಇಲ್ಲೇ ನಡುಗಿದಾಳೆ ಕಣಪ್ಪ," ಅಂದ ಸ್ಟಾನ್ಲಿ. "ಒಂದು ಗಳಿಗೆ ಇರ್ಲಿ ಬಿಡು."

ಆ ಮನುಷ್ಯ ಹೊರಗೆ ಹೋಗಿ ನಿಂತ. ಸ್ವಲ್ಪ ಹೊತ್ತಾದ ಮೇಲೆ ಸ್ಟಾನ್ಲಿಯೇ ಮಂಡಿಯೂರಿ ರೇಡಿಯೇಟರಿನ ತಿರುಪು ಮುಚ್ಚಿದ. ಅದು ಪೂರ್ತಿ ತಣ್ಣಗಾಗುವವರೆಗೂ ಅದರ ಮೇಲಿಟ್ಟ ಕೈಯನ್ನು ಅವನು ತೆಗೆಯಲಿಲ್ಲ.